ಆನ್‌ಲೈನ್ ಗುಂಪುಗಳು ತಮ್ಮನ್ನು 'ಡಯಾಸ್ಪೊರಾ' ಎಂದು ಕರೆದುಕೊಳ್ಳುವುದೇಕೆ?

ತಾಯ್ನಾಡು ಬಿಟ್ಟು ಚದುರಿದವರಿಗೆ ಇರುವ ಹೆಸರನ್ನು ನೆಲವೇ ಇಲ್ಲದ ಆನ್‌ಲೈನ್ ಗುಂಪು ಇಟ್ಟುಕೊಂಡರೆ 'ನಮ್ಮವರು' ಎಂಬ ಭಾವ ನಿಜಕ್ಕೂ ಹುಟ್ಟುತ್ತದೆಯೇ ಎಂದು ಕೇಳಿದ್ದೀರಿ. ಹುಟ್ಟುತ್ತದೆ, ಅವರು ಏನನ್ನಾದರೂ ಕಳೆದುಕೊಂಡಿದ್ದರೆ.

ನನಗೆ ತಟ್ಟನೆ ನೆನಪಾಗುವುದು 'ಉರು' ಎಂಬ ಆಟ. ಹಲವರು ಕೂಡಿ ಆಡುತ್ತಿದ್ದ ಅದರ ಆನ್‌ಲೈನ್ ಲೋಕ 2004ರ ಫೆಬ್ರವರಿಯಲ್ಲಿ ಮುಚ್ಚಿತು. ಪೂರ್ತಿಯಾಗಿ ಬಿಡುಗಡೆಯೇ ಆಗಿರಲಿಲ್ಲ, ಪಾಪ. ಆಟಗಾರರು ತಮ್ಮನ್ನು 'ನಿರಾಶ್ರಿತರು' ಎಂದು ಕರೆದುಕೊಂಡು, ಗುಂಪುಗುಂಪಾಗಿ ದೇರ್ ಡಾಟ್ ಕಾಮ್, ಸೆಕೆಂಡ್ ಲೈಫ್‌ನಂಥ ಬೇರೆ ಲೋಕಗಳಿಗೆ ಗುಳೆ ಹೋದರು. ಹೋದಲ್ಲೆಲ್ಲ ಬಿಟ್ಟು ಬಂದ ಜಾಗದ ಕಟ್ಟಡ, ಕಾರಂಜಿಗಳನ್ನು ತಾವೇ ಮತ್ತೆ ಕಟ್ಟಿಕೊಂಡರು. ಅವರ ನಡುವೆಯೇ ಇದ್ದು ಅಧ್ಯಯನ ಮಾಡಿದ ಸೀಲಿಯಾ ಪಿಯರ್ಸ್ ಇದನ್ನು 'ಉರು ಡಯಾಸ್ಪೊರಾ' ಎಂದರು. 2007ರಲ್ಲಿ ಆ ಲೋಕ ಮತ್ತೆ ತೆರೆಯಿತು, 2008ರಲ್ಲಿ ಮತ್ತೆ ಮುಚ್ಚಿತು. ಒಂದೇ ತವರನ್ನು ಎರಡು ಸಲ ಕಳೆದುಕೊಂಡವರು!

ಸಮಾಜಶಾಸ್ತ್ರಜ್ಞ ರೋಜರ್ಸ್ ಬ್ರೂಬೇಕರ್ 2005ರಲ್ಲಿ ಡಯಾಸ್ಪೊರಾಕ್ಕೆ ಮೂರು ಗುರುತು ಹೇಳಿದ್ದರು: ಚದುರಿರುವುದು, ತವರಿನ ಸೆಳೆತ, ಸುತ್ತಲಿನವರಿಂದ ಬೇರೆಯಾಗಿ ಉಳಿಯುವುದು. ಇಂಟರ್ನೆಟ್‌ನಲ್ಲಿ ಮೊದಲನೆಯದು ಪುಕ್ಕಟೆ; ಅಲ್ಲಿ ಎಲ್ಲರೂ ಚದುರಿದವರೇ. ಕೆಲಸ ಮಾಡುವುದು ಎರಡನೆಯದು.

ಡಯಾಸ್ಪೊರಾ ಎಂಬ ಹೆಸರಿನ ಸಾಮಾಜಿಕ ಜಾಲವನ್ನೇ ನೋಡಿ. 2010ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಇದಕ್ಕಾಗಿ ಜನರಿಂದ 10 ಸಾವಿರ ಡಾಲರ್ ಕೇಳಿದರು, ಬಂದದ್ದು 2 ಲಕ್ಷ. ಒಂದೇ ಕಂಪನಿಯ ಕೈಯಲ್ಲಿರದೆ ಬೀಜದಂತೆ ಚದುರಿದ ಸರ್ವರ್‌ಗಳು, ಅವಕ್ಕೆ 'ಪಾಡ್' ಎಂಬ ಹೆಸರು. ಹೋಲಿಕೆ ಚಂದ, ಆದರೆ ಚದುರುವ ಮೊದಲು ಒಂದು ಊರೇ ಇರಲಿಲ್ಲವಲ್ಲ. ಆಮೇಲೆ, ಗೂಗಲ್‌ನದೇ ಸಾಮಾಜಿಕ ಜಾಲವಾದ ಗೂಗಲ್ ಪ್ಲಸ್ ಮುಚ್ಚುತ್ತದೆಂದು 2018ರಲ್ಲಿ ಗೊತ್ತಾದಾಗ, ಅಲ್ಲಿಂದ ಹೊರಟವರಿಗಾಗಿ 'ಪ್ಲಸ್ಪೊರಾ' ಎಂಬ ಪಾಡ್ ಹುಟ್ಟಿತು. ಹೆಸರಿಗೆ ತಕ್ಕ ಜನ ಬಂದದ್ದು ಆಗ.

'ನಿರಾಶ್ರಿತ' ಎಂಬ ಮಾತು ಮಾತ್ರ ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪಾಸ್‌ವರ್ಡ್ ಕಳೆದುಕೊಂಡವರೂ ಮನೆ ಕಳೆದುಕೊಂಡವರೂ ಒಂದೇ ಅಲ್ಲ.

ಮೂರನೆಯ ಗುರುತಿನ, ಅಂದರೆ ಬೇರೆಯಾಗಿ ಉಳಿಯುವುದರ, ಪೆಟ್ಟು ನಾನೇ ಕಂಡಿದ್ದೇನೆ. ನಾನಿದ್ದ ತಾಣವೊಂದು ಮುಚ್ಚಿದ ಮೇಲೆ ನಾವು ಸುಮಾರು ಜನ ಬೇರೆಡೆ ಹೋಗಿ ನೆಲೆಸಿದೆವು. ಹಳೆಯ ಜೋಕು, ಹಳೆಯ ಜಗಳ ಎಲ್ಲವೂ ಜೊತೆಗೇ ಬಂದವು. ಹೊಸದಾಗಿ ಸೇರಿದವರು ಯಾರದೋ ಮದುವೆಗೆ ಬಂದವರಂತೆ ಸುಮ್ಮನೆ ಕೂತಿರುತ್ತಿದ್ದರು. ಕೊನೆಗೆ ಅವರಲ್ಲೊಬ್ಬರು ಕೇಳಿಯೇಬಿಟ್ಟರು, ಅಷ್ಟಕ್ಕೂ ಅಲ್ಲಿ ಏನಿತ್ತು ಅಂತ. ಎಲ್ಲ ಬರೆದಿಡೋಣ ಎಂದು ಕೂತೆವು. ಮೊದಲ ಪುಟಕ್ಕೇ ನಮ್ಮ ನಮ್ಮಲ್ಲೇ ತಕರಾರು.