ಸಣ್ಣ ವರ್ಕ್‌ಶಾಪ್‌ನ ಮೈಕ್ರೋಮೀಟರ್, ವರ್ನಿಯರ್ ಕ್ಯಾಲಿಬ್ರೇಷನ್‌ಗೆ ಯಾವ ಲ್ಯಾಬ್ ಒಳ್ಳೆಯದು? ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕಾ?

ಕ್ಯಾಲಿಬ್ರೇಷನ್ ಅಂದರೆ ಸಾಧನ ತೋರಿಸುವ ಅಳತೆ ಎಷ್ಟು ಸರಿ ಎಂದು ಪರೀಕ್ಷಿಸುವುದು. ಹದಿನಾಲ್ಕು ಸಾಧನ, ಮುಂದಿನ ತಿಂಗಳು ಕಸ್ಟಮರ್ ಆಡಿಟ್, ಒಂದು ಲ್ಯಾಬ್ ಹೇಳಿದ ರೇಟಿನ ಅರ್ಧಕ್ಕೇ ಇನ್ನೊಂದು ಲ್ಯಾಬ್ ಒಪ್ಪಿದೆ. ನೀವು ಬರೆದದ್ದು ಓದಿ ಪೀಣ್ಯದ ನನ್ನ ಹಳೇ ಶೆಡ್ ಕಣ್ಣಮುಂದೆ ಬಂತು.

ಎರಡು ಸಿಎನ್‌ಸಿ ಲೇತ್, ಒಂದು ಸಿಲಿಂಡ್ರಿಕಲ್ ಗ್ರೈಂಡಿಂಗ್ ಮಷಿನ್. ಗೇರ್‌ಬಾಕ್ಸ್ ಕಂಪನಿಯೊಂದಕ್ಕೆ ಶಾಫ್ಟ್ ಮಾಡಿಕೊಡುತ್ತಿದ್ದೆವು. ಗೇರ್ ಕೂರುವ ಜಾಗ 40 ಎಂಎಂ, ಟಾಲರೆನ್ಸ್ (ಅಳತೆಯಲ್ಲಿ ಬಿಡಬಹುದಾದ ವ್ಯತ್ಯಾಸ) ಎಚ್6. ಅಂದರೆ 40.000ರಿಂದ 39.984ರ ಒಳಗೆ ಬರಬೇಕು. ಬರೀ 16 ಮೈಕ್ರಾನ್, ಒಂದು ಮೈಕ್ರಾನ್ ಅಂದರೆ ಎಂಎಂನ ಸಾವಿರದಲ್ಲೊಂದು ಭಾಗ. ಅಳೆಯುತ್ತಿದ್ದದ್ದು 25–50 ಎಂಎಂ ಮೈಕ್ರೋಮೀಟರಿನಲ್ಲಿ.

ನಾನೇನೂ ಅಗ್ಗದ ಲ್ಯಾಬ್ ಹುಡುಕಿದವನಲ್ಲ. ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್, ಅದರ ಮಾನ್ಯತೆ ಇದ್ದ ಲ್ಯಾಬಿಗೇ ಕೊಟ್ಟಿದ್ದೆ. ಸರ್ಟಿಫಿಕೇಟ್ ಚೆನ್ನಾಗಿಯೇ ಬಂತು, ಎಲ್ಲ ಪಾಯಿಂಟಿನಲ್ಲೂ ವ್ಯತ್ಯಾಸ 2 ಮೈಕ್ರಾನ್ ಒಳಗೆ. ಫೈಲಿಗೆ ಹಾಕಿದೆ. ಮೂರು ತಿಂಗಳಿಗೆ 640 ಶಾಫ್ಟ್ ವಾಪಸ್ ಬಂದವು. ಒಂದೇ ಶಾಫ್ಟ್ ಅವರಲ್ಲಿ 39.978, ನಮ್ಮಲ್ಲಿ 39.986. ನಿಮ್ಮ ಅಳತೆ ಮಷಿನ್ನೇ ಸರಿಯಿಲ್ಲ ಎಂದು ಎರಡು ದಿನ ಜಗಳ ಆಡಿದೆ. ಕೊನೆಗೆ ಅವರ ಕ್ವಾಲಿಟಿ ಇಂಜಿನಿಯರ್ ಶೆಡ್ಡಿಗೇ ಬಂದು ಒಂದೇ ಮಾತು ಕೇಳಿದರು: "ಬೆಳಿಗ್ಗೆ ಝೀರೋ ಯಾವುದರಲ್ಲಿ ಸೆಟ್ ಮಾಡ್ತೀರಿ?"

ಇಲ್ಲೇ ಇತ್ತು ನನ್ನ ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುವ ಸಾಧ್ಯತೆ ಜಾಸ್ತಿ. 0–25ರ ಮೈಕ್ರೋಮೀಟರನ್ನು ಪೂರ್ತಿ ಮುಚ್ಚಿ ಝೀರೋ ನೋಡಬಹುದು. 25–50 ಹಾಗೆ ಮುಚ್ಚುವುದಿಲ್ಲ, ಅದರ ಆರಂಭವೇ 25. ಹಾಗಾಗಿ ಜೊತೆಗೆ 25 ಎಂಎಂ ಸೆಟ್ಟಿಂಗ್ ರಾಡ್ ಬರುತ್ತದೆ. ಲ್ಯಾಬಿನ ಕೊಟೇಷನ್‌ನಲ್ಲಿ ಆ ರಾಡ್ ಬೇರೆ ಸಾಲಿನಲ್ಲಿತ್ತು, ಅದಕ್ಕೆ ಬೇರೆ ಚಾರ್ಜು. ಒಂದು ತುಂಡು ಕಬ್ಬಿಣಕ್ಕೆ ಎಂಥ ಕ್ಯಾಲಿಬ್ರೇಷನ್ ಅಂತ ಹೊಡೆದುಹಾಕಿದೆ. ಲ್ಯಾಬಿನವರು ತಮ್ಮ ಸ್ಲಿಪ್ ಗೇಜ್ (ನಿಖರ ಅಳತೆಯ ತುಂಡು) ಇಟ್ಟು ಮೈಕ್ರೋಮೀಟರನ್ನು ಸರಿಯಾಗಿಯೇ ಸೆಟ್ ಮಾಡಿ ಕೊಟ್ಟರು. ಅದು ವಾಪಸ್ ಬಂದ ಮಾರನೇ ಬೆಳಿಗ್ಗೆ ನಮ್ಮ ಹುಡುಗ, ನಾನೇ ಕಲಿಸಿದ ಹಾಗೆ, ನಮ್ಮ ರಾಡ್ ಹಿಡಿದು ಮತ್ತೆ ಝೀರೋ ಮಾಡಿದ. ಸರ್ಟಿಫಿಕೇಟಿಗೆ ಅಷ್ಟೇ ಆಯಸ್ಸು.

ಆ ರಾಡ್ ವರ್ಷಗಟ್ಟಲೆ ಲೇತಿನ ಕಟಿಂಗ್ ಇನ್ಸರ್ಟ್‌ಗಳ ಜೊತೆ ಟ್ರೇಯಲ್ಲಿ ಬಿದ್ದಿತ್ತು. ಗ್ರೈಂಡಿಂಗ್ ಪುಡಿ ಮೆತ್ತಿದ ವೇಸ್ಟ್ ಬಟ್ಟೆಯಲ್ಲೇ ಅದರ ತುದಿ ಒರೆಸುತ್ತಿದ್ದೆವು. ಅಳೆಸಿದರೆ 24.992. ಎಂಟು ಮೈಕ್ರಾನ್ ಸವೆದಿತ್ತು. ಅದನ್ನೇ 25 ಅಂತ ಸೆಟ್ ಮಾಡಿದ ಮೇಲೆ ಪ್ರತಿ ಶಾಫ್ಟೂ ಇದ್ದದ್ದಕ್ಕಿಂತ ಎಂಟು ಮೈಕ್ರಾನ್ ದೊಡ್ಡದಾಗಿ ಕಾಣುತ್ತಿತ್ತು. ಟಾಲರೆನ್ಸಿನಲ್ಲಿ ಅರ್ಧ ಅಲ್ಲೇ ಹೋಯಿತು. ದಪ್ಪ ಇದ್ದಿದ್ದರೆ ಇನ್ನೊಂದು ಸಲ ಗ್ರೈಂಡ್ ಮಾಡಬಹುದಿತ್ತು. ಸಣ್ಣಗಾದ ಶಾಫ್ಟಿಗೆ ಏನು ಮಾಡುವುದು? ಹತ್ತು ದಿನ ಕೂತು ಒಂದೊಂದೇ ಅಳೆದೆವು. 212 ಗುಜರಿಗೆ ಹೋದವು.

ಅದಕ್ಕೇ ಯಾವ ಲ್ಯಾಬ್ ಎಂದು ಕೇಳುವ ಮೊದಲು ನಿಮ್ಮ ಪಟ್ಟಿ ತೆಗೆಯಿರಿ. ಆ ಹದಿನಾಲ್ಕರಲ್ಲಿ ಸೆಟ್ಟಿಂಗ್ ರಾಡ್, ಬೋರ್ ಗೇಜ್ (ರಂಧ್ರದ ಒಳ ಅಳತೆ ನೋಡುವ ಸಾಧನ) ಸೆಟ್ ಮಾಡುವ ಮಾಸ್ಟರ್ ರಿಂಗ್ ಸೇರಿವೆಯಾ? ಇಲ್ಲದಿದ್ದರೆ ಅವನ್ನು ಮೊದಲು ಬರೆಯಿರಿ. ದುಡ್ಡು ಸಾಲದಿದ್ದರೆ ಸುಮ್ನೆ ಇಟ್ಟಿರುವ ಎರಡು ವರ್ನಿಯರ್‌ಗಳನ್ನು 'ಬಳಕೆಯಲ್ಲಿಲ್ಲ' ಎಂದು ಚೀಟಿ ಅಂಟಿಸಿ ಬೀಗ ಹಾಕಿಡಿ.

ಲ್ಯಾಬಿನ ಮಾತಿಗೆ ಬಂದರೆ, ಲೋಗೋ ನೋಡಿ ಸಮಾಧಾನ ಪಡಬೇಡಿ. ಎನ್‌ಎಬಿಎಲ್ ವೆಬ್‌ಸೈಟಿನಲ್ಲಿ ಆ ಲ್ಯಾಬಿನ ಸ್ಕೋಪ್, ಅಂದರೆ ಯಾವ ಯಾವ ಅಳತೆಗೆ ಮಾನ್ಯತೆ ಇದೆ ಎಂಬ ಪಟ್ಟಿ, ಸಿಗುತ್ತದೆ. ನಿಮ್ಮ ಸಾಧನ, ಅದರ ರೇಂಜ್ ಅಲ್ಲಿ ಇದೆಯಾ ನೋಡಿ. ಬೆಳಿಗ್ಗೆ ಒಯ್ದು ಸಂಜೆಗೆ ಹದಿನಾಲ್ಕೂ ವಾಪಸ್ ಅನ್ನುವವರನ್ನು ನಾನು ನಂಬುವುದಿಲ್ಲ. ಉದ್ದದ ಅಳತೆಗೆ ನಿಗದಿಯಾದ ಉಷ್ಣತೆ 20 ಡಿಗ್ರಿ. ನಮ್ಮ ಶೆಡ್ಡಿನ ಬಿಸಿ ಇಳಿಯುವವರೆಗೂ ಸಾಧನ ಆ ರೂಮಿನಲ್ಲಿ ಕೂತಿರಬೇಕು, ಅಲ್ವಾ? ಇನ್ನೊಂದು ಮಾತು: ಅಡ್ಜಸ್ಟ್ ಮಾಡುವ ಮೊದಲಿನ ರೀಡಿಂಗೂ ಬೇಕು ಎಂದು ಆರ್ಡರಿನಲ್ಲೇ ಬರೆಯಿರಿ. ಅದಿಲ್ಲದೆ ಕಳೆದ ವರ್ಷ ಕಳಿಸಿದ ಮಾಲು ಸರಿಯಿತ್ತೋ ಇಲ್ಲವೋ ನಿಮಗೆ ಯಾವತ್ತೂ ಗೊತ್ತಾಗುವುದಿಲ್ಲ.

ವರ್ಷಕ್ಕೊಮ್ಮೆ ಅನ್ನುವುದೂ ದೇವರು ಬರೆದದ್ದಲ್ಲ. ಅವಧಿ ನೀವು ನಿರ್ಧರಿಸಬೇಕು. ನೀವು ಒಪ್ಪದೆ ಲ್ಯಾಬ್ ತಾನಾಗಿ ಮುಂದಿನ ತಾರೀಕು ಹಾಕುವಂತಿಲ್ಲ ಎಂದು ಲ್ಯಾಬ್‌ಗಳಿಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 17025 ಹೇಳುತ್ತದೆ. ದಿನಕ್ಕೆ ನೂರು ಸಲ ಹಿಡಿಯುವ ಮೈಕ್ರೋಮೀಟರಿಗೂ ಕಪಾಟಿನಲ್ಲಿರುವುದಕ್ಕೂ ಒಂದೇ ಅವಧಿ ಯಾಕೆ?

ಈಗ ನನ್ನ ಹತ್ತಿರ 40 ಎಂಎಂ ಸ್ಲಿಪ್ ಗೇಜ್ ಒಂದಿದೆ. ಅದನ್ನು ತುಮಕೂರು ರಸ್ತೆಯ ಕೇಂದ್ರ ಸರ್ಕಾರಿ ಸಂಸ್ಥೆ ಸಿಎಂಟಿಐಯಲ್ಲಿ ಕ್ಯಾಲಿಬ್ರೇಟ್ ಮಾಡಿಸುತ್ತೇನೆ. ಪ್ರತಿ ಶಿಫ್ಟ್ ಶುರುವಾಗುವಾಗ ಅದನ್ನು ಅಳೆದು ರೀಡಿಂಗ್ ಬರೆಯುತ್ತೇವೆ. 2 ಮೈಕ್ರಾನಿಗಿಂತ ಜಾಸ್ತಿ ಆಚೀಚೆ ಆದರೆ ಮಷಿನ್ ಸ್ಟಾರ್ಟ್ ಮಾಡುವುದಿಲ್ಲ. ಆಡಿಟ್‌ಗೆ ಬಂದವರು ಸರ್ಟಿಫಿಕೇಟ್ ಫೈಲಿಗಿಂತ ಆ ಪುಸ್ತಕವನ್ನೇ ಜಾಸ್ತಿ ಹೊತ್ತು ನೋಡುತ್ತಾರೆ.