1969ರ ಸೂಪರ್ ಚೀಫ್‌ಗೆ ಯಾವ ಲೋಕೋ ತಗೊಳ್ಳಬೇಕು?

ನಮಸ್ಕಾರ ಸರ್. ಎಚ್‌ಒ ಅಳತೆಯಲ್ಲಿ (ನಿಜದ 87ರಲ್ಲಿ ಒಂದು ಪಾಲು) ಅಮೆರಿಕದ ಸಾಂಟಾ ಫೆ ರೈಲ್ವೆಯ ಪ್ಯಾಸೆಂಜರ್ ರೈಲು ಸೂಪರ್ ಚೀಫ್‌ನ 1969ರ ಮಾದರಿ ಮಾಡ್ತಿದ್ದೀನಿ, ಎಫ್‌ಪಿ45 ಸರಿಯೋ ಎಸ್‌ಡಿಪಿ40ಎಫ್ ಸರಿಯೋ, ನೋಡೋಕೆ ಎರಡೂ ಒಂದೇ ತರ ಇವೆ ಅಂತ ಕೇಳಿದ್ದೀರಿ. ಎಫ್‌ಪಿ45 ತಗೊಳ್ಳಿ. ಇನ್ನೊಂದು 1969ರಲ್ಲಿ ಹುಟ್ಟಿಯೇ ಇರಲಿಲ್ಲ. ಅದನ್ನು ಲೋಕೋ ತಯಾರಿಸುವ ಇಎಂಡಿ ಕಂಪನಿ, ಅಮೆರಿಕದ ಪ್ಯಾಸೆಂಜರ್ ರೈಲುಗಳನ್ನು ನಡೆಸುವ ಆಮ್‌ಟ್ರ್ಯಾಕ್‌ಗಾಗಿ 1973ರಿಂದ ಮಾಡಿಕೊಟ್ಟಿತು.

ಗೊಂದಲ ಆಗೋದು ಸಹಜ. ಎಫ್‌ಪಿ45ರ ಅಚ್ಚಿನಲ್ಲೇ ಎಸ್‌ಡಿಪಿ40ಎಫ್ ತಯಾರಾಯಿತು. ಮೇಲಾಗಿ 1984ರಲ್ಲಿ ಸಾಂಟಾ ಫೆ ತನ್ನ ಹಳೆಯ ಸಣ್ಣ ಲೋಕೋಗಳನ್ನು ಆಮ್‌ಟ್ರ್ಯಾಕ್‌ಗೆ ಕೊಟ್ಟು, ಬದಲಿಗೆ 18 ಎಸ್‌ಡಿಪಿ40ಎಫ್ ತಗೊಂಡಿತು. ಹಾಗಾಗಿ ಸಾಂಟಾ ಫೆ ಬಣ್ಣದ ಎಸ್‌ಡಿಪಿ40ಎಫ್ ಫೋಟೋಗಳೂ ಸಿಗುತ್ತವೆ. ಅವು ಸರಕು ರೈಲಿನ ಕಾಲದವು.

ಗುರುತು ಹಿಡಿಯಲು ಟ್ರಕ್ ನೋಡಿ, ಅಂದರೆ ಮೂರು ಜೋಡಿ ಚಕ್ರ ಹಿಡಿದಿರುವ ಚೌಕಟ್ಟು. ಎಸ್‌ಡಿಪಿ40ಎಫ್‌ನಲ್ಲಿ ನಡುವಿನ ಆಕ್ಸಲ್ ಹತ್ತಿರ ಶಾಕ್ ಅಬ್ಸಾರ್ಬರ್ ಎದ್ದು ಕಾಣುತ್ತದೆ. ಎಫ್‌ಪಿ45ರಲ್ಲಿ ಅದಿಲ್ಲ. ಒಳಗಿನ ಎಂಜಿನ್ನೂ ಬೇರೆ. ಎಫ್‌ಪಿ45ರದ್ದು 20 ಸಿಲಿಂಡರ್, 3600 ಅಶ್ವಶಕ್ತಿ. ಇನ್ನೊಂದರದ್ದು 16 ಸಿಲಿಂಡರ್, 3000.

ಇನ್ನು ಎಫ್45 ಅಂತ ಮೂರನೆಯದೊಂದಿದೆ. ಅಂಗಡಿಯವರು ಎಷ್ಟೋ ಸಲ ಇದನ್ನೂ ಎಫ್‌ಪಿ45ನ್ನೂ ಒಂದೇ ಸಾಲಿನಲ್ಲಿ ಇಡುತ್ತಾರೆ. ಹೆಸರಿನಲ್ಲಿ 'ಪಿ' ಇಲ್ಲದ್ದು ಸರಕಿನ ಲೋಕೋ, ಸುಮಾರು 5 ಅಡಿ ಗಿಡ್ಡ. ಆ 5 ಅಡಿ ಬಾಯ್ಲರ್‌ಗೆ ಬೇಕಾದ ಜಾಗ. ನಮ್ಮ ಕಡೆ ಕೋಚ್ ಕಾಯಿಸುವ ಮಾತೇ ಇಲ್ಲ, ಆದ್ದರಿಂದ ಇದು ನಮಗೆ ಥಟ್ಟನೆ ಹೊಳೆಯೋದಿಲ್ಲ. ಷಿಕಾಗೋದ ಚಳಿಗಾಲದಲ್ಲಿ ಹೊರಡುವ ರೈಲಿಗೆ ಕೋಚ್ ಬೆಚ್ಚಗಿರಲೇಬೇಕು. ಡೀಸೆಲ್ ಬಂದ ಮೇಲೂ ಆ ಕೆಲಸ ಉಗಿಯದ್ದೇ. ಲೋಕೋದ ಹಿಂಭಾಗದಲ್ಲಿ ಡೀಸೆಲ್ ಉರಿಸಿ ನೀರು ಕಾಯಿಸಿ, ಉಗಿಯನ್ನು ಪೈಪಿನಲ್ಲಿ ಹಿಂದಿನ ಕೋಚ್‌ಗಳಿಗೆ ಕಳಿಸುತ್ತಿದ್ದರು. ಆ ಕಾಲದ ಪ್ಯಾಸೆಂಜರ್ ಲೋಕೋ ಅಂದರೆ ಮುಖ್ಯವಾಗಿ ಈ ಬಾಯ್ಲರ್ರೇ.

ಸಾಂಟಾ ಫೆ ತಗೊಂಡಿದ್ದು ಬರೀ 9 ಎಫ್‌ಪಿ45. 1967ರ ಡಿಸೆಂಬರ್‌ನಲ್ಲಿ ಬಂದವು, ನಂಬರ್ 100ರಿಂದ 108. ಅದೇ ವರ್ಷ ಅಂಚೆ ಇಲಾಖೆ ರೈಲಿನಲ್ಲಿ ಟಪಾಲು ವಿಂಗಡಿಸುವ ಡಬ್ಬಿಗಳನ್ನು ದೊಡ್ಡ ಪ್ರಮಾಣದಲ್ಲಿ ನಿಲ್ಲಿಸಿತು. ಅದರ ಆದಾಯ ಹೋದ ಮೇಲೆ ಎಷ್ಟೋ ಪ್ಯಾಸೆಂಜರ್ ರೈಲುಗಳು ನಿಂತವು. ಅಂಥ ಹೊತ್ತಿನಲ್ಲೂ ತನ್ನ ಹೆಸರಾಂತ ರೈಲಿನ ಮುಂದೆ ಬೋಳು ಸರಕಿನ ಲೋಕೋ ನಿಲ್ಲಬಾರದು ಅಂತ ಪೂರ್ತಿ ಮುಚ್ಚಿದ ಮೈ, ಕೆಂಪು-ಬೆಳ್ಳಿ ಬಣ್ಣ ಕೇಳಿ ಮಾಡಿಸಿದರಲ್ಲ, ಅದಕ್ಕೇ ಈ ಲೋಕೋ ನನಗೆ ಅಷ್ಟು ಇಷ್ಟ. ಲೆಕ್ಕಾಚಾರವೂ ಇತ್ತು ಅನ್ನಿ. ಪ್ಯಾಸೆಂಜರ್ ಸೇವೆ ನಿಂತರೆ ಸೀದಾ ಸರಕಿಗೆ ಹಾಕಬಹುದು. 1971ರಲ್ಲಿ ಆಮ್‌ಟ್ರ್ಯಾಕ್ ಬಂದ ಮೇಲೆ ಕೊನೆಗೆ ಆಗಿದ್ದೂ ಅದೇ, ನೀಲಿ-ಹಳದಿ ಬಳಿದು ಸರಕಿಗೆ ಬಿಟ್ಟರು.

1989ರಲ್ಲಿ ಅವಕ್ಕೆ ಮತ್ತೆ ಕೆಂಪು-ಬೆಳ್ಳಿ ಬಣ್ಣ ಬಂತು, ವೇಗದ ಸರಕು ರೈಲುಗಳಿಗಾಗಿ. ಕೊಳ್ಳುವಾಗ ಇಲ್ಲಿ ಜಾಸ್ತಿ ಹುಷಾರಾಗಿರಿ. ಪೆಟ್ಟಿಗೆಯ ಮೇಲೆ 'ಸೂಪರ್ ಫ್ಲೀಟ್' ಅಂತಿದ್ದರೆ ಅದು ಈ ಆಮೇಲಿನ ರೂಪ, ನಿಮ್ಮ 1969ಕ್ಕೆ ಹೊಂದೋದಿಲ್ಲ.

ಬಜೆಟ್ ಕಡಿಮೆ ಇದ್ದರೆ ಇಎಂಡಿಯದೇ ಹಳೆಯ ಎಫ್7 ಲೋಕೋ ಜೋಡಿಸಿದರೂ ತಪ್ಪಿಲ್ಲ, 1969ರಲ್ಲಿ ಅವೂ ಪ್ಯಾಸೆಂಜರ್ ರೈಲು ಎಳೆಯುತ್ತಿದ್ದವು. ಜನರಲ್ ಎಲೆಕ್ಟ್ರಿಕ್‌ನ ಯು28ಸಿಜಿ, ಯು30ಸಿಜಿ ಕೂಡ ಸಾಂಟಾ ಫೆ ಹತ್ತಿರ ಇದ್ದವು, ಆದರೆ ಮೊದಲ ಮಾದರಿಗೆ ಅವು ಬೇಡ.

ಹಳಿಯ ತಿರುವು ಎಷ್ಟಿದೆ ಅಂತ ನೀವು ಬರೆದಿಲ್ಲ. ನಿಜವಾದ ಎಫ್‌ಪಿ45ರ ಉದ್ದ 72 ಅಡಿ ಚಿಲ್ಲರೆ, ಎಚ್‌ಒದಲ್ಲಿ ಸುಮಾರು 25 ಸೆಂ.ಮೀ. ಹಿಂದಿನ 85 ಅಡಿ ಕೋಚ್ 30 ಸೆಂ.ಮೀ. ಹತ್ತಿರ ಬರುತ್ತದೆ. 18 ಇಂಚು ತ್ರಿಜ್ಯದ ತಿರುವಿನಲ್ಲಿ ಇವುಗಳ ಮೂಲೆ ವಿಪರೀತ ಹೊರಚಾಚುತ್ತದೆ. 24 ಇಂಚಿಗಿಂತ ಕಡಿಮೆ ಮಾಡಬೇಡಿ. ಜಾಗ ಇದ್ದರೆ 30 ಇಟ್ಟುಬಿಡಿ.

ದುಡ್ಡು ಕೊಡುವ ಮುಂಚೆ ಮಾರುವವರಿಂದ ಟ್ರಕ್ ಮತ್ತು ಹಿಂಭಾಗದ ಚಾವಣಿಯ ಫೋಟೋ ತರಿಸಿ ಇಲ್ಲಿ ಹಾಕಿ. ಯಾವುದು ಅಂತ ನೋಡಿ ಹೇಳ್ತೀನಿ.