‘ಸೂಕ್ತವಾಗಿ ಹೊಂದಿಸಿ’ ಅಂದರೆ ಎಲ್ಲಿಗೆ?

ನಮಸ್ಕಾರ,

ರೋಲರ್ ತಿರುಗಿದಷ್ಟೂ ಪಲ್ಸ್ ಕೊಡುವ ಎನ್‌ಕೋಡರಿನ ಎಣಿಕೆ ಹೆಚ್ಚಿಸುವ ಸಿಗ್ನಲ್ ಮಲ್ಟಿಪ್ಲೈಯರ್ ಬೋರ್ಡಿನ ಜಂಪರ್‌ಗಳ (ಪಿನ್ ಜೋಡಿಸಿ ಸೆಟ್ಟಿಂಗ್ ಆರಿಸುವ ಪುಟ್ಟ ಕ್ಲಿಪ್‌ಗಳ) ಬಗ್ಗೆ ಚಿಕ್ಕಮಗಳೂರಿನಿಂದ ನೀವು ಕಳಿಸಿದ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಕೆಲಸ ನಿಮಗೆ ಚೆನ್ನಾಗಿ ಗೊತ್ತು, ಅನುಮಾನವಿಲ್ಲ. ಆದರೆ ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪ್ಯಾನೆಲ್ ಬಾಗಿಲು ತೆರೆದು ನಿಂತವನಿಗೆ ಇದರಿಂದ ಏನೂ ಸಿಗುವುದಿಲ್ಲ.

ಆಟೊಮೇಷನ್ ಯುಗದ ಗುಣಗಾನ ಮಾಡುವ ಮೊದಲೆರಡು ಪ್ಯಾರಾ ಹೊಡೆದುಹಾಕಿ. ‘ಜಂಪರ್ ಸೂಕ್ತವಾಗಿ ಹೊಂದಿಸಿ’ ಎಂದು ಮತ್ತೆ ಮತ್ತೆ ಬರೆದಿದ್ದೀರಿ. ಯಾವುದು ಸೂಕ್ತ ಅನ್ನುವುದಕ್ಕೆ ಲೆಕ್ಕ ಬೇಕು. ನೀವೇ ಹೇಳಿದ ಕಾಫಿಪುಡಿ ಪ್ಯಾಕಿಂಗ್ ಮೆಷಿನ್ನನ್ನೇ ಹಿಡಿಯಿರಿ. ಫಿಲ್ಮ್ ಎಳೆಯುವ ರೋಲರಿನ ಸುತ್ತಳತೆ 200 ಮಿ.ಮೀ., ಎನ್‌ಕೋಡರ್ ಸುತ್ತಿಗೆ 1000 ಪಲ್ಸ್ ಅಂದುಕೊಳ್ಳಿ. ಪಲ್ಸಿಗೆ 0.2 ಮಿ.ಮೀ. ಆಯಿತು. ಜಂಪರ್ ನಾಲ್ಕು ಪಟ್ಟಿಗೆ ಹಾಕಿದರೆ ಎನ್‌ಕೋಡರಿನ ಎ, ಬಿ ಎರಡೂ ಚಾನೆಲ್‌ಗಳ (ತುಸು ಹಿಂದುಮುಂದಾಗಿ ಬರುವ ಎರಡು ಪಲ್ಸ್ ಸಾಲುಗಳ) ಏರು, ಇಳಿ ಅಂಚುಗಳೆಲ್ಲ ಎಣಿಕೆಗೆ ಬರುತ್ತವೆ, ಎಣಿಕೆಗೆ 0.05 ಮಿ.ಮೀ., 150 ಮಿ.ಮೀ. ಪೌಚಿಗೆ 3000. ಮೆಷಿನ್ ನಡೆಸುವ ಕಂಟ್ರೋಲರ್ ಆದ ಪಿಎಲ್‌ಸಿಯಲ್ಲಿ 3000 ಇಟ್ಟು ಜಂಪರ್ ಎರಡು ಪಟ್ಟಿನಲ್ಲೇ ಉಳಿದರೆ ಪೌಚ್ 300 ಮಿ.ಮೀ. ಉದ್ದ ಬರುತ್ತದೆ. ಅಳತೆ ಸರಿಯಾಗಿ ದುಪ್ಪಟ್ಟೋ ಅರ್ಧವೋ ಆಗಿದ್ದರೆ ಮೊದಲು ಜಂಪರ್ ನೋಡಬೇಕು. ಒಂದೊಂದು ಪೌಚ್ ಒಂದೊಂದು ಅಳತೆ ಬರುತ್ತಿದ್ದರೆ ಫಿಲ್ಮ್ ಜಾರುತ್ತಿದೆಯೋ, ಕಪ್ಲಿಂಗ್ ಸಡಿಲವೋ, ಕೇಬಲಿನಲ್ಲಿ ನಾಯ್ಸ್ ಇದೆಯೋ ಹುಡುಕಬೇಕು. ಲೇಖನದ ಜೀವ ಇಲ್ಲಿದೆ, ನೀವು ಮುಟ್ಟಿಯೇ ಇಲ್ಲ.

ಬೋರ್ಡ್ ಹೊರಗೆ ಕೊಡುವುದು ಏನನ್ನು? ಪಲ್ಸ್ ಮತ್ತು ಡೈರೆಕ್ಷನ್ (ಒಂದು ತಂತಿಯಲ್ಲಿ ಎಣಿಕೆ, ಇನ್ನೊಂದರಲ್ಲಿ ದಿಕ್ಕು) ಆದರೆ ಪಿಎಲ್‌ಸಿ ಕೌಂಟರ್ ಕೂಡ ಅದೇ ಮೋಡಿನಲ್ಲಿರಬೇಕು. ಎ, ಬಿ ರೂಪದಲ್ಲೇ ಕೊಡುವ ಬೋರ್ಡಾದರೆ, ಕೌಂಟರ್ ತಾನೂ ನಾಲ್ಕು ಪಟ್ಟಿನ ಮೋಡಿನಲ್ಲಿದ್ದರೆ ಒಟ್ಟು ಹದಿನಾರು ಪಟ್ಟು ಮಾಡಿಬಿಡುತ್ತದೆ. ವೇಗವನ್ನೂ ಬರೆಯಿರಿ: ಫಿಲ್ಮ್ ನಿಮಿಷಕ್ಕೆ 30 ಮೀಟರ್ ಓಡಿದರೆ ನಾಲ್ಕು ಪಟ್ಟಿನಲ್ಲಿ ಸೆಕೆಂಡಿಗೆ 10,000 ಎಣಿಕೆ. ಪಿಎಲ್‌ಸಿಯ ಸಾಮಾನ್ಯ ಇನ್‌ಪುಟ್ ಇದನ್ನು ಹಿಡಿಯುವುದಿಲ್ಲ, ಹೈಸ್ಪೀಡ್ ಕೌಂಟರ್ ಇನ್‌ಪುಟ್ಟೇ ಬೇಕು.

‘ಪವರ್ ಆಫ್ ಮಾಡಿ’ ಎಂಬುದು ನಿಮ್ಮಲ್ಲಿ ಕೊನೆಯ ಪುಟದಲ್ಲಿದೆ! ಅಷ್ಟರಲ್ಲಿ ಓದುಗ ಜಂಪರ್ ಕಿತ್ತಾಗಿರುತ್ತದೆ. ಅದು ಮೊದಲ ಸಾಲಿಗೆ ಬರಲಿ, ಅದರ ಬೆನ್ನಿಗೇ ಎನ್‌ಕೋಡರಿಗೆ ಎಷ್ಟು ವೋಲ್ಟ್ ಹೋಗಬೇಕೆಂದು ಆರಿಸುವ ಸಪ್ಲೈ ಜಂಪರ್. 5 ವೋಲ್ಟ್ ಎನ್‌ಕೋಡರಿಗೆ 24 ಹೋದರೆ ಎನ್‌ಕೋಡರ್ ಸುಟ್ಟಿತು ಅಂತಲೇ ಲೆಕ್ಕ. ಎನ್‌ಕೋಡರ್ ಪ್ಲಗ್ ಕಿತ್ತಿಟ್ಟು, ಪವರ್ ಕೊಟ್ಟು, ಕನೆಕ್ಟರಿನಲ್ಲಿ ಮಲ್ಟಿಮೀಟರ್ ಹಿಡಿದು ನೋಡಿ, ಮತ್ತೆ ಆಫ್ ಮಾಡಿದ ಮೇಲೆಯೇ ಪ್ಲಗ್ ಹಾಕಬೇಕು.

ಟರ್ಮಿನೇಷನ್‌ಗೆ (ಲೈನಿನ ಕೊನೆಯಲ್ಲಿ ಹಾಕುವ ರೆಸಿಸ್ಟರಿಗೆ) ಎರಡು ಸಾಲು ಸಾಕು: 120 ಓಮ್ ಜಂಪರ್ ಡಿಫರೆನ್ಷಿಯಲ್ ಲೈನಿಗೆ (ಒಂದೇ ಸಿಗ್ನಲ್ ಎರಡು ತಂತಿಯಲ್ಲಿ ತಲೆಕೆಳಗಾಗಿ ಹೋಗುವ ಲೈನಿಗೆ) ಮಾತ್ರ, ಅದೂ ಕೊನೆಯ ಬೋರ್ಡಿನಲ್ಲಿ. ಎರಡು ಕಡೆ ಹಾಕಿದರೆ 60 ಓಮ್ ಆಗಿ ಸಿಗ್ನಲ್ ಸೊರಗುತ್ತದೆ.

ಜಂಪರ್ ನಂಬರ್‌ಗಳು ಓದಲು ಬರುವಂಥ ಒಂದು ಫೋಟೊ ಜೊತೆಗಿಟ್ಟು ಮತ್ತೆ ಕಳಿಸಿ. ಈಗಿರುವುದರಲ್ಲಿ ಹೀಟ್‌ಸಿಂಕ್ ಬಿಟ್ಟರೆ ಬೇರೇನೂ ಕಾಣುತ್ತಿಲ್ಲ.

ಸಂಪಾದಕ